ಗುಂಯ್ ಎಂಬ ಷಡ್ಜ

ನಾನು ಹೊಟ್ಟೆಪಾಡಿಗೆ ಸದ್ದಡಗಿಸಿದವನು. ಹೀಗೆಂದರೆ ಕೇಳಿದವರು ನನ್ನನ್ನು ಪ್ರೈಮರಿ ಶಾಲೆಯ ಮೇಷ್ಟ್ರೆಂದೋ ಪೊಲೀಸಿನವನೆಂದೋ ತಿಳಿಯುವುದುಂಟು. ಎರಡೂ ಅಲ್ಲ. ಎಂಬತ್ತರ ದಶಕದಲ್ಲಿ ಸ್ಯಾನ್ ಮಟಿಯೋದ ಒಂದು ಕಂಪನಿಯಲ್ಲಿ ಇಂಜಿನಿಯರಾಗಿದ್ದೆ. ಕಂಪ್ಯೂಟರಿನ ಡಬ್ಬದೊಳಗೆ ತಿರುಗುವ ಫ್ಯಾನು, ಅದರ ಪಕ್ಕದ ಟ್ರಾನ್ಸ್‌ಫಾರ್ಮರು, ಇವೆರಡೂ ಸೇರಿ ಹೊರಡಿಸುವ ಗುಂಯ್ ಎಂಬ ಸದ್ದನ್ನು ಅಳೆಯುವುದು, ಆಮೇಲೆ ಅದನ್ನು ಹೇಗಾದರೂ ಕಡಿಮೆ ಮಾಡುವುದು, ಇಷ್ಟೇ ನನ್ನ ಕೆಲಸ. ಇದರಲ್ಲೊಂದು ತೊಂದರೆಯಿದೆ. ಕೆಲಸ ಕೆಟ್ಟರೆ ಎಲ್ಲರಿಗೂ ಕೇಳಿಸುತ್ತದೆ. ಚೆನ್ನಾಗಿ ಆದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ನಿಮ್ಮ ಸಾಧನೆ ತೋರಿಸಿ ಎಂದು ಯಾರಾದರೂ ಕೇಳಿದರೆ ಸುಮ್ಮನೆ ಕೂತು ತೋರಿಸಬೇಕು.

ಸಂಗೀತಕ್ಕೂ ನನಗೂ ಅಷ್ಟಕ್ಕಷ್ಟೆ. ಮೈಸೂರಿನಲ್ಲಿ ಚಿಕ್ಕವನಿದ್ದಾಗ ಅಮ್ಮ ನನ್ನನ್ನು ಪಾಠಕ್ಕೆ ಸೇರಿಸಿದ್ದಳು. ನಾಲ್ಕು ತಿಂಗಳು ಸರಳೆವರಸೆ ಹೇಳಿಸಿದ ಮೇಲೆ ಮೇಷ್ಟ್ರು ಒಂದು ದಿನ ಮನೆಗೇ ಬಂದು, ಹುಡುಗ ಲೆಕ್ಕದಲ್ಲಿ ತುಂಬ ಚುರುಕಾಗಿದ್ದಾನೆ ಎಂದು ಹೇಳಿ, ಕಾಫಿ ಕುಡಿದು ಹೋದರು. ಅದನ್ನು ನಾನು ಹೊಗಳಿಕೆಯೆಂದೇ ಬಹಳ ವರ್ಷ ನಂಬಿದ್ದೆ. ಇಂಥವನು ಜಪಾನಿನ ಸಂಗೀತದ ಬಗ್ಗೆ ಬರೆಯಲು ಕೂತಿದ್ದರೆ ಅದಕ್ಕೆ ಹಿರಾನೊ ಕಾರಣ.

ಹಿರಾನೊ ಒಸಾಕಾದವನು. ನನ್ನ ಪಕ್ಕದ ಮೇಜು, ನನ್ನದೇ ಕೆಲಸ. ತೆಳ್ಳಗಿನ ಮನುಷ್ಯ, ಗೆರೆ ಮುರಿಯದ ಅಂಗಿ, ಬಟ್ಟೆಯಲ್ಲಿ ಗಂಟು ಕಟ್ಟಿ ತಂದ ಊಟದ ಡಬ್ಬಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ವಾರವಿಡೀ ನನ್ನ ಜೊತೆ ಕೂತು ಸದ್ದು ಅಡಗಿಸುವ ಈತ ಶನಿವಾರ ಹೇವರ್ಡಿನ ಒಂದು ಗೋಡೌನಿನಲ್ಲಿ ಗೆಳೆಯರ ಜೊತೆ ಸೇರಿ ಸದ್ದು ಮಾಡುತ್ತಾನೆ ಎಂಬುದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ನನ್ನ ಮನೆಯೂ ಹೇವರ್ಡಿನಲ್ಲೇ. ಆ ಗೋಡೌನು ನಾವು ಗ್ರೋಸರಿ ತರುವ ಅಂಗಡಿಯಿಂದ ಎರಡು ಬೀದಿ ಆಚೆ.

ವಿಷಯ ತಿಳಿದ ಮೇಲೆ ಸೌಜನ್ಯಕ್ಕೆಂದು, ನಿನ್ನ ಸಂಗೀತ ಕೇಳಬೇಕಲ್ಲ ಎಂದೆ. ಸೌಜನ್ಯಕ್ಕೆ ಆಡಿದ ಮಾತನ್ನು ಜಪಾನಿನವರು ಹಾಗೆಂದೇ ಗುರುತಿಸಿ ಬಿಟ್ಟುಬಿಡುತ್ತಾರೆ ಎಂದು ಕೇಳಿದ್ದೆ. ಹಿರಾನೊ ಬಿಡಲಿಲ್ಲ. ಆದರೆ ಒಮ್ಮೆಗೇ ತನ್ನದನ್ನು ಕೊಡಲೂ ಇಲ್ಲ. ಮಗುವಿಗೆ ಮೊದಲು ಗಂಜಿ, ಆಮೇಲೆ ಅನ್ನ ಎಂಬ ಹಾಗೆ ತಿಂಗಳಿಗೊಂದರಂತೆ ಕ್ಯಾಸೆಟ್ಟು ಕೊಟ್ಟ.

ಮೊದಲನೆಯದು ಯಂತ್ರಗಳ ಸಂಗೀತ. ಸಿಂಥಸೈಜರಿನಿಂದ ಹುಟ್ಟಿಸಿದ ಸ್ವರ, ಯಂತ್ರವೇ ಹಾಕುವ ತಾಳ. ದಿನಾ ಬೆಳಿಗ್ಗೆ ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ ಆಫೀಸಿಗೆ ಹೋಗುವಾಗ ಕಾರಿನಲ್ಲಿ ಅದನ್ನು ಕೇಳುತ್ತಿದ್ದೆ. ಕಾಂಕ್ರೀಟಿನ ಕೂಡುಗೆರೆಗಳ ಮೇಲೆ ಟೈರು ಟಪ್ ಟಪ್ ಎನ್ನುವುದಕ್ಕೂ ಹಾಡಿನ ತಾಳಕ್ಕೂ ಎಷ್ಟೋ ಸಲ ಸರಿಹೋಗುತ್ತಿತ್ತು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಬೆವರಿಲ್ಲ. ನಮ್ಮ ಕಡೆ ಗಾಯಕರು ಗಂಟಲು ಸರಿಮಾಡಿಕೊಳ್ಳುವುದು, ಮೃದಂಗದವನು ಕಲ್ಲಿನಿಂದ ಕುಟ್ಟಿ ಶ್ರುತಿ ಮಾಡಿಕೊಳ್ಳುವುದು, ಮೈಕು ಕೀಚೆನ್ನುವುದು, ಇವೆಲ್ಲ ಸೇರಿಯೇ ಸಂಗೀತ. ಇಲ್ಲಿ ಅಂಥದ್ದೇನೂ ಇರಲಿಲ್ಲ. ನನಗೆ ಗೌರವ ಬಂತು. ಪ್ರೀತಿ ಬಂತೆಂದು ಹೇಳಲಾರೆ.

ಎರಡನೆಯದು ಪಾಪ್ ಹಾಡುಗಳು. ಹೆಂಗಸಿನ ದನಿ, ಸಮುದ್ರ, ಸಂಜೆಯ ದೀಪ, ಫ್ರೀವೇ, ಬಿಟ್ಟುಹೋದ ಪ್ರಿಯಕರ ಇವೇ ವಿಷಯಗಳೆಂದು ಹಿರಾನೊ ವಿವರಿಸಿದ. ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ವಿದ್ಯಾ ಆ ಕ್ಯಾಸೆಟ್ಟನ್ನು ಕಸಿದುಕೊಂಡು ವಾಪಸು ಕೊಡಲೇ ಇಲ್ಲ. ಮನೆಯಲ್ಲಿ ಕನ್ನಡ ಮಾತಾಡೆಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಹದಿನೈದು ದಿನದಲ್ಲಿ ಅರ್ಥ ತಿಳಿಯದ ಜಪಾನಿ ಹಾಡನ್ನು ಬಾಯಿಪಾಠ ಮಾಡಿದ್ದಳು. ನನಗೂ ಅದರಲ್ಲಿ ಏನೋ ಪರಿಚಯದ ಸೊಗಡು ಕಾಣಿಸುತ್ತಿತ್ತು. ಕೊನೆಗೆ ಗೊತ್ತಾಯಿತು: ಜಪಾನಿನವರೂ ನಮ್ಮ ಹಾಗೆ ಪದವನ್ನು ಸ್ವರಾಕ್ಷರದಲ್ಲಿ ಮುಗಿಸುವವರು. ನಾವು ಬಸ್ಸು ಎನ್ನುತ್ತೇವೆ, ಅವರು ಬಸು ಎನ್ನುತ್ತಾರೆ. ನಮ್ಮ ಹೋಟೆಲು ಅವರಿಗೆ ಹೋತೆರು. ಆಫೀಸಂತೂ ಇಬ್ಬರಿಗೂ ಹೆಚ್ಚುಕಡಿಮೆ ಆಫೀಸೇ. ಇಂಗ್ಲಿಷಿನವರು ಬಾಗಿಲು ಹಾಕಿ ಕೊಟ್ಟ ಪದಗಳಿಗೆಲ್ಲ ನಾವಿಬ್ಬರೂ ಹಿಂದಿನಿಂದ ಒಂದು ಕಿಟಕಿ ಕೊರೆದಿದ್ದೇವೆ.

ಮೂರನೆಯದು ಹಿರಾನೊನ ಸ್ವಂತದ್ದು. ಸೇತುವೆಯ ಮಧ್ಯದಲ್ಲಿ ಹಾಕಿದೆ. ಎರಡು ನಿಮಿಷದಲ್ಲಿ ಪ್ಲೇಯರು ಟೇಪನ್ನು ನುಂಗುತ್ತಿದೆ ಎಂದು ಗಾಬರಿಯಾಗಿ ಹೊರಗೆ ತೆಗೆದೆ. ಆಫೀಸು ಮುಟ್ಟಿದ ಮೇಲೆ ಪೆನ್ಸಿಲು ತೂರಿಸಿ ಸುತ್ತಿ ನೋಡಿದೆ. ಟೇಪು ಸರಿಯಾಗಿಯೇ ಇತ್ತು. ಮತ್ತೆ ಹಾಕಿದರೆ ಮತ್ತೆ ಅದೇ: ತಗಡು ಎಳೆದಾಡುವುದು, ರೇಡಿಯೋ ಸ್ಟೇಷನ್ ಸಿಗದ ಗೊರಗೊರ, ನಡುನಡುವೆ ಹಲ್ಲು ಜುಂ ಎನ್ನಿಸುವ ಕೀರಲು. ಸಂಕೋಚದಿಂದ ಹಿರಾನೊನ ಬಳಿ ಹೋಗಿ, ನಿನ್ನ ಕ್ಯಾಸೆಟ್ಟು ಹಾಳಾಯಿತೆಂದು ಕಾಣುತ್ತದೆ, ಕ್ಷಮಿಸು ಎಂದೆ. ಎಷ್ಟನೆಯ ನಿಮಿಷದಲ್ಲಿ ಎಂದು ಕೇಳಿದ. ಎರಡನೆಯದರಲ್ಲಿ ಎಂದೆ. ಅವನ ಮುಖ ಅರಳಿತು. ಅದಕ್ಕಾಗಿ ತಾನು ಮೂರು ವಾರ ಕಷ್ಟಪಟ್ಟೆನೆಂದ.

ಇದಾದ ಮೇಲೆ ನಮ್ಮ ಸ್ನೇಹ ಗಟ್ಟಿಯಾಯಿತು. ಊಟದ ಹೊತ್ತಿನಲ್ಲಿ ಅವನು ಕನ್ನಡದ ಸದ್ದುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ: ದಡದಡ, ಚಟಚಟ, ಜುಳುಜುಳು, ಗೊಣಗೊಣ. ಜಪಾನಿಯಲ್ಲೂ ಹೀಗೆ ಜೋಡಿ ಜೋಡಿಯಾಗಿ ಸಾವಿರಾರು ಇವೆಯಂತೆ. ಏನೂ ಸದ್ದಿಲ್ಲದ್ದಕ್ಕೂ ಅವರಲ್ಲಿ ಒಂದು ಸದ್ದಿದೆ, ಶೀನ್ ಎಂದು. ನಿಮ್ಮಲ್ಲಿದೆಯೇ ಎಂದ. ನಾನು ಯೋಚಿಸಿ, ಮನೆ ಖಾಲಿಯಾದರೆ ಬಿಕೋ ಎನ್ನುತ್ತದೆ, ಕತ್ತಲೆ ಗವ್ ಎನ್ನುತ್ತದೆ ಎಂದೆ. ಅವನು ಚಾಪ್‌ಸ್ಟಿಕ್ ಕೆಳಗಿಟ್ಟು ಎರಡನ್ನೂ ಬರೆದುಕೊಂಡ.

ಇನ್ನೊಂದು ದಿನ ಅವನೇ ಹೇಳಿದ: ಅಮೆರಿಕಕ್ಕೆ ಬಂದ ಹೊಸತರಲ್ಲಿ ತನಗೆ ಊಟ, ಮಾತು, ಹಾಸಿಗೆ ಎಲ್ಲವೂ ಪರಕೀಯವೆನ್ನಿಸಿತ್ತು, ಆದರೆ ಫ್ರಿಜ್ಜಿನ ಗುಂಯ್ ಮಾತ್ರ ಊರಿನದೇ ಆಗಿತ್ತು. ಒಸಾಕಾದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಕಂಪಿಸುತ್ತದೆ, ಇಲ್ಲಿಯದೂ ಅರವತ್ತು. ನಮ್ಮದು ಐವತ್ತು. ನಾನು ಬಂದ ವರ್ಷ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಕೂತಾಗ ಏನೋ ಸರಿಯಿಲ್ಲ, ಏನೆಂದು ತಿಳಿಯುತ್ತಿಲ್ಲ ಎನ್ನಿಸುತ್ತಿದ್ದುದಕ್ಕೆ ಇದೇ ಕಾರಣವಿರಬಹುದು. ಲೆಕ್ಕ ಹಾಕಿದೆ. ಮೈಸೂರಿನ ಗುಂಯ್ ಅನ್ನು ಷಡ್ಜವೆಂದಿಟ್ಟುಕೊಂಡರೆ ಅಮೆರಿಕದ್ದು ಸರಿಯಾಗಿ ಮೂರು ಮೆಟ್ಟಿಲು ಮೇಲಿನ ಸಾಧಾರಣ ಗಾಂಧಾರ. ದೇಶ ಬಿಟ್ಟು ಬಂದವರು ಕಳೆದುಕೊಂಡದ್ದನ್ನೆಲ್ಲ ಪಟ್ಟಿ ಮಾಡುತ್ತಾರೆ. ಆಧಾರಶ್ರುತಿಯೇ ಬದಲಾಗಿದ್ದನ್ನು ಯಾರೂ ಬರೆದಿದ್ದು ನಾನು ನೋಡಿಲ್ಲ.

ಆ ಬೇಸಿಗೆಯಲ್ಲಿ ಕಾಶೀಬಾಯಿ ಅತ್ತೆ ಬಂದರು. ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು. ಇವರು ಅವಳ ಸೋದರತ್ತೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತರಾದವರು. ಅರವತ್ತೆಂಟರ ವಯಸ್ಸಿನಲ್ಲೂ ನೆಟ್ಟಗೆ ನಡೆಯುತ್ತಿದ್ದರು, ಜೋರಾಗಿ ನಗುತ್ತಿದ್ದರು. ಸುಮಿತ್ರಾ ಅವರ ಹಾಡು ಕೇಳಿ ಬೆಳೆದವಳು. ಆರು ತಿಂಗಳು ಇರುತ್ತಾರೆ, ದಿನಾ ಬೆಳಿಗ್ಗೆ ಮನೆಯಲ್ಲಿ ಹಾಡು, ವಿದ್ಯಾಗೂ ಪಾಠ ಎಂದೆಲ್ಲ ಲೆಕ್ಕ ಹಾಕಿದ್ದಳು. ಅತ್ತೆ ಹಾಡಲಿಲ್ಲ. ಗಂಟಲು ಸರಿಯಿಲ್ಲ, ಇಲ್ಲಿಯ ಥಂಡಿ ಹವಾ, ನಾಳೆ ನೋಡೋಣ. ಕನ್ನಡದವರು ಸೇರುವಲ್ಲಿ ಹಾಡಲು ಕೇಳಿದರೆ ಕೈ ಮುಗಿದುಬಿಟ್ಟರು. ವಯಸ್ಸಾಯಿತು, ಉತ್ಸಾಹವಿಲ್ಲ ಎಂದು ನಾವು ತೀರ್ಮಾನಿಸಿ ಸುಮ್ಮನಾದೆವು.

ಅವರು ಬಂದು ಎರಡು ತಿಂಗಳಾಗಿದ್ದಾಗ ಒಂದು ಭಾನುವಾರ ಹಿರಾನೊನನ್ನು ಊಟಕ್ಕೆ ಕರೆದೆ. ಅತ್ತೆ ಅವನ ಹೆಸರು ಎರಡು ಸಲ ಹೇಳಿಸಿ ಕೇಳಿ, ಹಿರಣ್ಣ ಎಂದು ಗೊತ್ತುಮಾಡಿಕೊಂಡರು. ಅವನೂ ಹಾಯ್, ಅಂದರೆ ಜಪಾನಿಯಲ್ಲಿ ಹೌದು, ಎಂದು ತಲೆಬಾಗಿ ಅದನ್ನು ಒಪ್ಪಿಕೊಂಡ. ಅವನಿಗೆ ನಮ್ಮ ಅಡುಗೆಗಿಂತ ಪ್ರೆಷರ್ ಕುಕ್ಕರಿನ ಮೇಲೆ ಆಸಕ್ತಿ. ಚೀಲದಿಂದ ಕಾಲಾಣೆಯಷ್ಟು ಅಗಲದ ಒಂದು ಬಿಲ್ಲೆ ಹೊರತೆಗೆದ. ಯಾವ ವಸ್ತುವಿಗೆ ಅಂಟಿಸಿದರೂ ಅದರ ಒಳಗಿನ ಕಂಪನವನ್ನು ಹಿಡಿಯುವ ಮೈಕು ಅದು. ಕುಕ್ಕರು ಬಿಸಿಯಾಗುತ್ತದೆಂದು ಅದನ್ನು ಸ್ಟೋವಿನ ತಗಡಿಗೆ ಅಂಟಿಸಿ, ತಂತಿಯನ್ನು ಒಂದು ಸಣ್ಣ ಸ್ಪೀಕರಿಗೆ ಸಿಕ್ಕಿಸಿ ಕೂತ. ಬೇಳೆ ಕುದಿಯುವುದು ದೊಡ್ಡ ಹೊಳೆ ಬಂದ ಹಾಗೆ ಕೇಳಿಸಿತು. ವಿದ್ಯಾ ಕಿವಿ ಮುಚ್ಚಿಕೊಂಡು ಓಡಿದಳು. ಅತ್ತೆ ಓಡಲಿಲ್ಲ. ಹತ್ತಿರ ಬಂದು ಕೂತು, ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕುಕ್ಕರು ಮೂರು ಸಲ ಕೂಗಿ ಮುಗಿಯುವ ತನಕ ತೆಗೆಯಲಿಲ್ಲ.

ಸೋಮವಾರ ಆಫೀಸಿನಲ್ಲಿ ಹಿರಾನೊ ನನ್ನ ಮೇಜಿನ ಬಳಿ ಬಂದು ಎಡಗಡೆ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ, ನಿಮ್ಮ ಅತ್ತೆಗೆ ಯಾವಾಗಿನಿಂದ ಕೇಳಿಸುವುದಿಲ್ಲ ಎಂದು ಕೇಳಿದ. ನಾನು ನಕ್ಕೆ, ಅವರು ಎಲ್ಲರ ಜೊತೆ ಮಾತಾಡುತ್ತಾರಲ್ಲ ಎಂದೆ. ಮಾತಾಡುವವರ ತುಟಿ ನೋಡುತ್ತಾರೆ, ಬೆನ್ನ ಹಿಂದಿನಿಂದ ನಿಮ್ಮ ಹೆಂಡತಿ ಎರಡು ಸಲ ಕರೆದರೂ ತಿರುಗಲಿಲ್ಲ ಎಂದ. ತನಗೆ ಹೇಗೆ ಗೊತ್ತಾಯಿತೆಂದರೆ, ತಾನೂ ಹಾಗೆಯೇ ಮಾಡುತ್ತೇನೆ; ಹತ್ತು ವರ್ಷದ ಸದ್ದಿನ ಸಂಗೀತದಿಂದ ತನ್ನ ಎಡಗಿವಿ ಅರ್ಧ ಹೋಗಿದೆ ಎಂದ. ಅವನು ಯಾವಾಗಲೂ ನನ್ನ ಎಡಕ್ಕೇ ಬಂದು ಕೂರುತ್ತಿದ್ದುದು ನನಗೆ ಆಗ ಹೊಳೆಯಿತು. ಅಂದರೆ ಕಿವಿಗೆ ಸಂಬಂಧಪಟ್ಟ ವಿದ್ಯೆಯಲ್ಲಿ ಡಿಗ್ರಿ ಪಡೆದ ನಾನು ಒಬ್ಬರ ಪಕ್ಕ ಎರಡು ವರ್ಷ, ಇನ್ನೊಬ್ಬರ ಜೊತೆ ಎರಡು ತಿಂಗಳು ಕಳೆದು ಇಬ್ಬರದನ್ನೂ ಗಮನಿಸಿರಲಿಲ್ಲ. ನನ್ನ ಅಳತೆಯ ಯಂತ್ರ ಫ್ಯಾನುಗಳ ಕಡೆಗೇ ತಿರುಗಿತ್ತು.

ಮನೆಗೆ ಬಂದು ಸುಮಿತ್ರಾಗೆ ಹೇಳಿದೆ. ಅವಳು ಅತ್ತೆಯ ಎದುರಿಗೆ ಕೂತು ನೇರವಾಗಿ ಕೇಳಿದಳು. ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ಅವರು ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಹೇಳಿದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಮಾತು ಹೆಂಗೋ ತಿಳೀತಾವ, ಮಾರಿ ನೋಡಿದ್ರ ಸಾಕು. ತಂಬೂರಿ ಕೇಳಸೂದಿಲ್ಲ, ಸುಮಿ. ಅದು ಕೇಳಸದ ಹೆಂಗ ಹಾಡ್ಲಿ?"

ನಾಲ್ಕು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ ಹಾಡಿದ್ದರಂತೆ. ಎಲ್ಲರೂ ಭಾಳ ಛಂದ ಆತು ಎಂದರು. ಆದರೆ ಎದುರಿಗೆ ಕೂತಿದ್ದ ಅವರ ಹಳೆಯ ಶಿಷ್ಯೆಯೊಬ್ಬಳು ಹಾಡಿನ ನಡುವೆ ತಲೆ ತಗ್ಗಿಸಿದಳು. ಅತ್ತೆ ಅದನ್ನು ನೋಡಿದರು. ಬಾಯಿಮಾತುಗಳೆಲ್ಲ ಸುಳ್ಳು, ತಗ್ಗಿದ ತಲೆಯೊಂದೇ ನಿಜ ಎಂದು ಅವರಿಗೆ ಗೊತ್ತಾಯಿತು. ಅವತ್ತಿನಿಂದ ಹಾಡಿಲ್ಲ. ಧಾರವಾಡದಲ್ಲಿ ಕಿವಿಗೆ ಯಂತ್ರ ಹಾಕಿಸಿಕೊಂಡು ನೋಡಿದ್ದರು. ಅದರಲ್ಲಿ ಪಾತ್ರೆಯ ಸಪ್ಪಳ ಕೇಳುತ್ತಿತ್ತು, ಸ್ವರ ಕೇಳುತ್ತಿರಲಿಲ್ಲವಂತೆ. ತೆಗೆದು ಕಪಾಟಿನಲ್ಲಿಟ್ಟರು.

ಸುಮಿತ್ರಾ ಅತ್ತಳು. ಅತ್ತೆ ಅಳಲಿಲ್ಲ. ಹಿರಣ್ಣನ ಬೈಠಕ್ ಯಾವಾಗ ಇರ್ತದ, ನಾನೂ ಬರ್ತೀನಿ ಎಂದರು. ಆ ಪೆಟ್ಟಿಗೆಯ ಮೇಲೆ ಕೈ ಇಟ್ಟಾಗ ಸದ್ದು ಮೊಣಕೈ ತನಕ ಏರಿತ್ತಂತೆ.

ಮುಂದಿನ ಶನಿವಾರ ಮಧ್ಯಾಹ್ನ ಹೋದೆವು. ಗೋಡೌನಿನ ಒಂದು ಬದಿಯಲ್ಲಿ ರಟ್ಟಿನ ಪೆಟ್ಟಿಗೆಗಳು, ಇನ್ನೊಂದು ಬದಿಯಲ್ಲಿ ಹಿರಾನೊನ ಮೇಜು, ಆಳೆತ್ತರದ ಎರಡು ಸ್ಪೀಕರು. ಕೇಳುಗರು ನಮ್ಮನ್ನೂ ಸೇರಿಸಿ ಹನ್ನೊಂದು ಜನ. ಹಸಿರು ಇಳಕಲ್ ಸೀರೆಯುಟ್ಟು ಬಂದ ಹೆಂಗಸನ್ನು ಕಂಡು ಕಪ್ಪು ಅಂಗಿಯ ತರುಣರು ಎದ್ದು ನಿಂತರು. ಹಿರಾನೊ ನಮಗೆಲ್ಲ ಕಿವಿಗೆ ಹಾಕುವ ಸ್ಪಂಜು ಕೊಟ್ಟ. ಅತ್ತೆಯದನ್ನು ತಾನೇ ಎರಡು ಸಲ ಪರೀಕ್ಷಿಸಿ, ಅವರನ್ನು ಸ್ಪೀಕರಿನ ಹಿಂಬದಿಯಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿದ. ಸ್ಪೀಕರಿನ ಹಿಂದಿನ ಹಲಗೆಗೆ ಕೈ ತಾಗುವಷ್ಟು ಹತ್ತಿರ.

ನಲವತ್ತು ನಿಮಿಷ ನಡೆಯಿತು. ಬಣ್ಣಿಸಲು ಹೋಗುವುದಿಲ್ಲ. ನಾನು ಜೀವನದಲ್ಲಿ ಅಡಗಿಸಿದ ಸದ್ದುಗಳೆಲ್ಲ ಒಟ್ಟಾಗಿ ನನ್ನನ್ನು ಕಾಣಲು ಬಂದ ಹಾಗಿತ್ತು ಎಂದಷ್ಟೇ ಹೇಳಬಲ್ಲೆ. ಕೊನೆಗೆ ಹಿರಾನೊ ಒಂದೊಂದೇ ಗುಂಡಿ ತಿರುಗಿಸಿ ಎಲ್ಲವನ್ನೂ ನಿಲ್ಲಿಸಿದ. ಉಳಿದದ್ದು ಸ್ಪೀಕರಿನ ಗುಂಯ್ ಮಾತ್ರ. ಕರೆಂಟಿನದು, ನನ್ನ ಹಳೆಯ ವೈರಿ. ಅದನ್ನೂ ನಿಲ್ಲಿಸಲೆಂದು ಅವನು ಕೈ ಚಾಚಿದವನು ಹಾಗೆಯೇ ನಿಂತ.

ಅತ್ತೆ ಹಾಡುತ್ತಿದ್ದರು. ಎರಡೂ ಅಂಗೈಯನ್ನು ಹಲಗೆಗೆ ಒತ್ತಿ, ಕಣ್ಣು ಮುಚ್ಚಿ, ಮೊದಲು ಬರೀ ಷಡ್ಜ. ಬಹಳ ಹೊತ್ತು ಅದೊಂದೇ. ಆಮೇಲೆ ತಿಳಿಯಿತು: ಆ ಗುಂಯ್‌ನ ಎರಡು ಸ್ಥಾಯಿ ಮೇಲಿನ ಸ್ವರ ಸರಿಸುಮಾರು ಅವರು ಹಾಡುತ್ತಿದ್ದ ಶ್ರುತಿಯೇ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಆಲಾಪ ಶುರುವಾಯಿತು. ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು. ಕಿವಿಯ ಸ್ಪಂಜು ತೆಗೆದು ಎಲ್ಲರೂ ಕೂತಲ್ಲೇ ಕೇಳಿದರು. ಕಾಲು ಗಂಟೆ ಹಾಡಿರಬಹುದು.

ಮುಗಿಸಿ ಕಣ್ಣು ಬಿಟ್ಟವರು ಮೊದಲು ನೋಡಿದ್ದು ನನ್ನನ್ನು.

"ಅಳಿಯಂದ್ರ, ಸ್ವರ ಸರಿ ಇತ್ತೇನು? ಖರೇ ಹೇಳ್ರಿ."

"ತುಂಬಾ ಚೆನ್ನಾಗಿತ್ತು ಅತ್ತೆ."

"ನಿನ್ನೆ ಉಪ್ಪಿಲ್ಲದ ಸಾರಿಗೂ ಇದ ಅಂದ್ರಿ. ಹಿರಣ್ಣಗ ಕೇಳ್ರಿ."

ಕೇಳಿದೆ. ಹಿರಾನೊ ತಲೆಬಾಗಿಸಿದ, ತಡವರಿಸಿದ. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ, ಬಹುತೇಕ ಸರಿಯಾಗಿತ್ತು, ಆದರೆ ಮೇಲಿನಿಂದ ಇಳಿಯುವಾಗ ಮೂರನೆಯ ಸಲ ಒಂದು ಸ್ವರ ಸ್ವಲ್ಪ ಕೆಳಗೆ ಬಿತ್ತು ಎಂದು ಹೇಳಿ, ಎಷ್ಟೆಂಬುದನ್ನು ಹೆಬ್ಬೆರಳು ತೋರುಬೆರಳ ನಡುವೆ ತೋರಿಸಿದ. ಇದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ನಾಲ್ಕು ವರ್ಷ ಬಾಯಿ ಮುಚ್ಚಿದ್ದವರು ಈಗಷ್ಟೇ ತೆರೆದಿದ್ದಾರೆ. ಸುಮಿತ್ರಾ ನನ್ನತ್ತ ನೋಡುತ್ತಿದ್ದ ನೋಟದ ಅರ್ಥ ಸ್ಪಷ್ಟವಾಗಿತ್ತು. ಬಹಳ ಇಷ್ಟವಾಯಿತಂತೆ ಎಂದೆ.

ಅತ್ತೆ ನನ್ನ ಮಾತನ್ನು ಬದಿಗಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು.

"ಅವನ ಬೆರಳು ಬ್ಯಾರೆ ಏನೋ ಹೇಳ್ಲಿಕ್ಕತ್ತಾವ."

ಕೊನೆಗೆ ನಿಜ ಹೇಳಿದೆ. ಎಲ್ಲಿ ಎಂದು ಕೇಳಿದರು. ಹಿರಾನೊ ತನ್ನ ಒರಟು ದನಿಯಲ್ಲಿ ಆ ತಿರುವನ್ನು ಗುನುಗಿದ. ಅವನ ಗುನುಗು ಅವರಿಗೆ ಕೇಳಿಸಲಿಲ್ಲ, ಅವನ ಕೈ ಏರಿಳಿದದ್ದು ಕಂಡಿತು. ಅಂಗೈಯನ್ನು ಮತ್ತೆ ಹಲಗೆಗೆ ಒತ್ತಿ ಅದೊಂದು ಸಾಲನ್ನು ಹಾಡಿದರು. ಅವನು ಇಲ್ಲವೆಂಬಂತೆ ತಲೆಯಾಡಿಸಿದ. ಮತ್ತೆ ಹಾಡಿದರು. ಮತ್ತೆ ಇಲ್ಲ. ಐದನೆಯ ಸಲ ಅವನು ಸೊಂಟದ ತನಕ ಬಾಗಿದ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಗೋಡೌನಿನಲ್ಲಿ ಧೂಳು ಬಹಳವಿತ್ತು.

ಆಮೇಲೆ ನಾವಿಬ್ಬರೂ ಸೇರಿ ಅವರಿಗೊಂದು ಪೆಟ್ಟಿಗೆ ಮಾಡಿದೆವು. ಪ್ಲೈವುಡ್ಡಿನದು, ಊಟದ ಮಣೆಯಷ್ಟು ಅಗಲ, ಒಳಗೆ ಸ್ಪೀಕರು, ಬದಿಯಲ್ಲಿ ಶ್ರುತಿಗೊಂದು ಗುಂಡಿ. ಅಂಗೈಗೆ ಚೆನ್ನಾಗಿ ತಾಗುವ ಹಾಗೆ ಗುಂಯ್ ಎನ್ನಿಸುವುದು ಗುಂಯ್ ಅಡಗಿಸುವುದಕ್ಕಿಂತ ಎಷ್ಟು ಕಷ್ಟ ಎಂದು ಆಗ ಕಲಿತೆ. ಉಳಿದ ತಿಂಗಳುಗಳು ಅತ್ತೆ ದಿನಾ ಬೆಳಿಗ್ಗೆ ಹಾಡಿದರು. ವಿದ್ಯಾ ಎದುರಿಗೆ ಕೂತು ತಪ್ಪಿದಲ್ಲಿ ಕೈ ಎತ್ತುತ್ತಿದ್ದಳು. ಹುಡುಗಿಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ, ಕನ್ನಡದ ಅಗತ್ಯವೂ ಬೀಳಲಿಲ್ಲ. ಕನ್ನಡದವರ ಸಭೆಯಲ್ಲಿ ಅತ್ತೆ ಕೊನೆಗೂ ಹಾಡಲಿಲ್ಲ. ಅಲ್ಲಿ ಎಲ್ಲಾರೂ ಛಂದ ಅಂತಾರ ಎಂದು ನಕ್ಕರು. ಧಾರವಾಡಕ್ಕೆ ಮರಳಿದ ಮೇಲೆ ಬರೆದ ಕಾಗದದಲ್ಲಿ, ಮೂವರು ಹುಡುಗಿಯರು ಪಾಠಕ್ಕೆ ಬರುತ್ತಿದ್ದಾರೆ, ತಲೆ ತಗ್ಗಿಸಿದ್ದ ಆ ಶಿಷ್ಯೆಯೇ ಪಕ್ಕದಲ್ಲಿ ಕೂತು ತಿದ್ದುತ್ತಾಳೆ, ಅವಳನ್ನು ತಾನೇ ಹೋಗಿ ಕರೆದುಕೊಂಡು ಬಂದೆ ಎಂದಿತ್ತು.

ಜಪಾನಿನ ಸಂಗೀತ ನಿಮಗೆ ಕೊನೆಗೆ ಹಿಡಿಸಿತೋ ಇಲ್ಲವೋ ಎಂದು ನೀವು ಕೇಳಬಹುದು. ಯಂತ್ರದ್ದನ್ನು ಈಗಲೂ ದೂರದಿಂದ ಗೌರವಿಸುತ್ತೇನೆ. ಪಾಪ್ ಹಾಡುಗಳು ಮಗಳ ಪಾಲಾದವು. ಹಿರಾನೊನದನ್ನು ಹನ್ನೊಂದು ನಿಮಿಷದ ತನಕ ತಡೆದುಕೊಳ್ಳಬಲ್ಲೆ. ಅದನ್ನು ಅವನಿಗೇ ಹೇಳಿದ್ದೇನೆ, ಹನ್ನೊಂದು ಒಳ್ಳೆಯ ಸಂಖ್ಯೆ ಎಂದ.

ಹೀಗೆ ನಿಜ ಹೇಳುವ ಅಭ್ಯಾಸ ಬಿಡದೆ ಆ ಸಲದ ಸಂಕ್ರಾಂತಿಯ ಸಭೆಯಲ್ಲಿ ಲಾಸ್ ಆಲ್ಟೋಸಿನ ನನ್ನ ಗೆಳೆಯ ನಾಗೇಂದ್ರ ಹಾಡಿ ಇಳಿದು ಬಂದಾಗ, ಎರಡನೆಯ ಹಾಡಿನಲ್ಲಿ ನೀನು ತಬಲಾದವನನ್ನು ಬಿಟ್ಟು ಓಡಿದೆ ಎಂದುಬಿಟ್ಟೆ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊಟ ಮಾಡದೆ ಹೊರಟುಹೋದ. ಎರಡು ವಾರ ಫೋನಿಲ್ಲ. ಸುಮಿತ್ರಾ ನನ್ನ ಜೊತೆ ಎಲ್ಲಿಗೂ ಬರುವುದಿಲ್ಲವೆಂದಳು. ಮೂರನೆಯ ವಾರ ನಾಗೇಂದ್ರನ ಫೋನು ಬಂತು. ಹವಾಮಾನ ವಿಚಾರಿಸಿದ, ವಿದ್ಯಾಳ ಶಾಲೆ ವಿಚಾರಿಸಿದ, ಕೆಮ್ಮಿದ.

"ಓಡಿದ್ದು ಎರಡನೇದು ಮಾತ್ರಾನೇನೋ?"

ಮೂರನೆಯದೂ ಓಡಿತು ಎಂದೆ. ಅವನು ಫೋನು ಇಡಲಿಲ್ಲ. ಪೆನ್ನು ತರಲು ಎದ್ದು ಹೋದ.